ಹಳೇ ಡ್ರಿಂಕ್ ಅಂಡ್ ಡ್ರೈವ್ ಕೇಸು, ಸಸ್ಪೆಂಡ್ ಆದ ಡಿಎಲ್: ವಾಪಸ್ ಪಡೆಯೋದು ಹೇಗೆ?

ಪ್ರಶ್ನೆ, ಲಗ್ಗೆರೆಯ ಒಬ್ಬ ಕ್ಯಾಬ್ ಚಾಲಕರಿಂದ:

ನಮಸ್ಕಾರ ಮೇಡಂ. ನಾನು ಹತ್ತು ವರ್ಷ ಕ್ಯಾಬ್ ಓಡಿಸಿದವನು. 2022ರ ಡಿಸೆಂಬರ್‌ನಲ್ಲಿ ಸ್ನೇಹಿತನ ಬೈಕ್‌ನಲ್ಲಿ ಬರುವಾಗ ರಾತ್ರಿ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಕುಡಿದಿದ್ದೆ, ಸುಳ್ಳು ಹೇಳಲ್ಲ. ಬೈಕ್ ನಿಲ್ಲಿಸಿಕೊಂಡರು, ಡಿಎಲ್ ತೆಗೆದುಕೊಂಡು ಒಂದು ರಸೀದಿ ಕೊಟ್ಟರು. ಬೈಕನ್ನು ಆಮೇಲೆ ಸ್ನೇಹಿತ ಬಿಡಿಸಿಕೊಂಡ. ಕೋರ್ಟಿಗೆ ನಾನು ಹೋಗಬೇಕಿತ್ತು, ಹೋಗಲಿಲ್ಲ. ಅದೇ ವಾರ ಅಪ್ಪನಿಗೆ ಲಕ್ವ ಹೊಡೆಯಿತು. ಚಿಕ್ಕನಾಯಕನಹಳ್ಳಿ ಕಡೆ ನಮ್ಮೂರಿಗೆ ಹೋದವನು ತೋಟ ನೋಡಿಕೊಂಡು ಅಲ್ಲೇ ಉಳಿದುಬಿಟ್ಟೆ. ಈಗ ಮತ್ತೆ ಬೆಂಗಳೂರಿಗೆ ಬಂದು ಕೆಲಸ ಕೇಳಿದರೆ ಡಿಎಲ್ ಸಸ್ಪೆಂಡ್ ಆಗಿದೆ ಅಂತ ತೋರಿಸುತ್ತಿದೆ. ಆರ್‌ಟಿಓ ಕಚೇರಿಯಲ್ಲಿ ‘ಕೋರ್ಟ್ ಕೇಸ್ ಮುಗಿಸಿಕೊಂಡು ಬನ್ನಿ’ ಅಂದರು. ಕೋರ್ಟಿಗೆ ಹೋದರೆ ಅಲ್ಲೇ ಹಿಡಿದು ಒಳಗೆ ಹಾಕುತ್ತಾರೆ ಅಂತ ಸ್ಟ್ಯಾಂಡಿನ ಹುಡುಗರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ, ವಕೀಲರು:

ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀರಿ, ಅದರಿಂದ ನನ್ನ ಅರ್ಧ ಕೆಲಸ ಕಡಿಮೆಯಾಯಿತು.

ನಿಮ್ಮ ತಲೆಯಲ್ಲಿ ಇದು ಒಂದೇ ಸಮಸ್ಯೆ. ಕಾಗದದಲ್ಲಿ ಎರಡು. ಕುಡಿದು ಓಡಿಸಿದ್ದಕ್ಕೆ ಮ್ಯಾಜಿಸ್ಟ್ರೇಟ್ ಮುಂದೆ ಒಂದು ಕೇಸು. ಪೊಲೀಸರು ಕಳಿಸಿದ ಡಿಎಲ್ ಮೇಲೆ ಆರ್‌ಟಿಓ ಮಾಡಿದ ಒಂದು ಆದೇಶ. ಒಂದು ಮುಗಿದರೆ ಇನ್ನೊಂದು ತಾನಾಗಿ ಮುಗಿಯುವುದಿಲ್ಲ. ದಂಡ ಕಟ್ಟಿ ರಸೀದಿ ಜೇಬಿಗೆ ಹಾಕಿಕೊಂಡು, ಡಿಎಲ್ ಸರಿಯಾಯಿತು ಅಂತ ವರ್ಷಗಟ್ಟಲೆ ಓಡಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದ್ದರಿಂದ ಮೊದಲ ಕೆಲಸ ಆರ್‌ಟಿಓ ಆದೇಶದ ಪ್ರತಿ ಪಡೆಯುವುದು. ಕೌಂಟರ್‌ನಲ್ಲಿ ಬಾಯಿ ಮಾತಲ್ಲಿ ಹೇಳಿದ್ದು ಆದೇಶ ಅಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿಯಲ್ಲಿ ಮೂರು ವಿಷಯ ನೋಡಿ. ಯಾವ ಸೆಕ್ಷನ್? ಎಷ್ಟು ಅವಧಿ? ಸಸ್ಪೆಂಡೋ ರದ್ದೋ? 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 19ರಲ್ಲಿ ಹೀಗಿದೆ: ಪೊಲೀಸರು ಡಿಎಲ್ ಕಳಿಸಿದಾಗ ಮೊದಲ ತಪ್ಪಿಗೆ 3 ತಿಂಗಳು ಅನರ್ಹತೆ, ಅಂದರೆ ಅಷ್ಟು ದಿನ ಓಡಿಸುವಂತಿಲ್ಲ, ಬೇರೆ ಲೈಸೆನ್ಸೂ ಪಡೆಯುವಂತಿಲ್ಲ. ಎರಡನೇ ಸಲವಾದರೆ ಲೈಸೆನ್ಸೇ ರದ್ದು. ಎರಡಕ್ಕೂ ಮುಂಚೆ ನಿಮ್ಮ ಮಾತು ಕೇಳಬೇಕು. ನೋಟಿಸ್ ನಿಮ್ಮ ಹಳೇ ಬಾಡಿಗೆ ಮನೆಗೆ ಹೋಗಿರುತ್ತದೆ, ಅಲ್ವಾ? ಆದೇಶದ ಮೇಲೆ ಮೇಲ್ಮನವಿಗೆ 30 ದಿನ ಮಾತ್ರ. ಹಾಗಾಗಿ ಪ್ರತಿ ನಿಮ್ಮ ಕೈಗೆ ಬಂದ ತಾರೀಖನ್ನು ಅದರ ಹಿಂದೆ ಬರೆದಿಡಿ.

ಈಗ ಕೋರ್ಟ್. ಹೆದರುವ ಮೊದಲು, ಕೇಸು ನಿಜವಾಗಿ ಕೋರ್ಟಿಗೆ ಹೋಗಿದೆಯಾ ನೋಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಬಹುದು. ಹೆಸರಿನ ಕಾಗುಣಿತ ನಾಲ್ಕು ತರ ಹಾಕಿ ನೋಡಿ. ಸಿಗದಿದ್ದರೆ ಅಂದು ಕೊಟ್ಟ ರಸೀದಿ ಹಿಡಿದುಕೊಂಡು ಆ ಸಂಚಾರ ಠಾಣೆಯಲ್ಲಿ ಕೇಸಿನ ನಂಬರ್ ಕೇಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಮೊದಲ ಸಲದ ಡ್ರಿಂಕ್ ಅಂಡ್ ಡ್ರೈವ್‌ಗೆ ಸೆಕ್ಷನ್ 185ರಲ್ಲಿ ಶಿಕ್ಷೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇಲ್ಲದ ಇಂಥ ಅಪರಾಧವನ್ನು ಕೋರ್ಟ್ ಒಂದು ವರ್ಷದೊಳಗೆ ವಿಚಾರಣೆಗೆ ತೆಗೆದುಕೊಳ್ಳಬೇಕು. ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಅದಕ್ಕೆ ಕಾರಣ ಬೇಕು. ನಿಮ್ಮ ಕೇಸು ಠಾಣೆಯ ಕಪಾಟಿನಲ್ಲೇ ಉಳಿದಿದ್ದರೆ ನಿಮ್ಮ ವಕೀಲರಿಗೆ ಅದು ದೊಡ್ಡ ಅಂಶ.

ಕೇಸು ದಾಖಲಾಗಿದ್ದರೆ ವಾರೆಂಟ್ ಇರುವ ಸಾಧ್ಯತೆ ಜಾಸ್ತಿ. ಅದು ಜಾಮೀನುರಹಿತ ವಾರೆಂಟ್ ಆದರೂ ನಿಮ್ಮ ಅಪರಾಧ ಜಾಮೀನು ಸಿಗುವಂಥದ್ದೇ. ಹುಡುಗರು ಈ ಎರಡನ್ನೂ ಕಲಸಿ ಹೇಳುತ್ತಾರೆ. ವಾರೆಂಟ್‌ಗೆ ವಯಸ್ಸಾಗುವುದಿಲ್ಲ, ಕೋರ್ಟ್ ರದ್ದು ಮಾಡುವವರೆಗೂ ಜೀವಂತ. ಪೊಲೀಸರು ಶನಿವಾರ ರಾತ್ರಿ ಕರೆದುಕೊಂಡು ಹೋಗುವುದಕ್ಕೂ, ನೀವೇ ಸೋಮವಾರ ಬೆಳಗ್ಗೆ ವಕೀಲರ ಜೊತೆ ಹಾಜರಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ವಕಾಲತ್ತು (ವಕೀಲರನ್ನು ನೇಮಿಸಿದ ಪತ್ರ) ಹಾಕಿ, ವಾರೆಂಟ್ ರದ್ದು ಮಾಡಿ ಅಂತ ರೀಕಾಲ್ ಅರ್ಜಿ ಕೊಡಿ. ಜೊತೆಗೆ ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಡಿ. ‘ಊರಿಗೆ ಹೋಗಿದ್ದೆ’ ಅನ್ನುವುದು ಬರೀ ಮಾತು. ಚೀಟಿ ಇದ್ದರೆ ಅದು ಕಾರಣ. ಒಬ್ಬ ಜಾಮೀನುದಾರರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬೇಕಾಗಬಹುದು.

ಒಂದು ಎಚ್ಚರಿಕೆ. ‘ತಪ್ಪೊಪ್ಪಿಕೊಂಡು ದಂಡ ಕಟ್ಟು, ಅರ್ಧ ಗಂಟೆ ಕೆಲಸ’ ಅಂತ ಕಾರಿಡಾರಿನಲ್ಲಿ ಹತ್ತು ಜನ ಹೇಳುತ್ತಾರೆ. ಸೆಕ್ಷನ್ 20ರ ಪ್ರಕಾರ 185ರಲ್ಲಿ ಶಿಕ್ಷೆಯಾದರೆ ಕೋರ್ಟ್ ಕನಿಷ್ಠ 6 ತಿಂಗಳು ಲೈಸೆನ್ಸ್ ಅನರ್ಹತೆಗೆ ಆದೇಶ ಮಾಡಬೇಕು. ಇದು ಆರ್‌ಟಿಓದ 3 ತಿಂಗಳಿಗಿಂತ ಬೇರೆ. ತಪ್ಪೊಪ್ಪಿಕೊಳ್ಳಬೇಡಿ ಅನ್ನುತ್ತಿಲ್ಲ. ಆ 6 ತಿಂಗಳು ಮನೆ ಹೇಗೆ ನಡೆಯುತ್ತದೆ ಅಂತ ಯೋಚಿಸಿ ಒಪ್ಪಿಕೊಳ್ಳಿ ಅನ್ನುತ್ತಿದ್ದೇನೆ.

ಪ್ರಶ್ನೆ, ಇನ್ನೊಬ್ಬ ಸದಸ್ಯರು:

ಮೇಡಂ, ಇಷ್ಟೆಲ್ಲ ಯಾಕೆ? ನಮ್ಮ ಭಾವನಿಗೆ ಏಜೆಂಟ್ ಒಬ್ಬ ಬೇರೆ ಜಿಲ್ಲೆಯಲ್ಲಿ ಹೊಸ ಎಲ್ಎಲ್ (ಲರ್ನರ್ ಲೈಸೆನ್ಸ್) ಹಾಕಿಸಿ, ಹೊಸ ಡಿಎಲ್ ಮಾಡಿಸಿಕೊಡುತ್ತೇನೆ ಅಂದಿದ್ದಾನೆ.

ಉತ್ತರ:

ಭಾವನಿಗೆ ಇವತ್ತೇ ಫೋನ್ ಮಾಡಿ ತಡೆಯಿರಿ. ಅನರ್ಹತೆ ಇರುವಾಗ ವಾಹನ ಓಡಿಸುವುದು ಮಾತ್ರ ಅಲ್ಲ, ಲೈಸೆನ್ಸ್‌ಗೆ ಅರ್ಜಿ ಹಾಕುವುದೇ ಸೆಕ್ಷನ್ 182ರ ಅಪರಾಧ. 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗೆ ಪಡೆದ ಲೈಸೆನ್ಸ್‌ಗೆ ಬೆಲೆಯೇ ಇಲ್ಲ. ಕೆಎ-05 ಜಯನಗರದಲ್ಲಿ ಸಸ್ಪೆಂಡ್ ಆದದ್ದು ಕೆಎ-06 ತುಮಕೂರಿಗೆ ಗೊತ್ತಾಗಲ್ಲ ಅನ್ನುವ ಕಾಲ ಹೋಯಿತು. ಎಲ್ಲಾ ಡಿಎಲ್‌ಗಳ ಆನ್‌ಲೈನ್ ದಾಖಲೆಯಾದ ‘ಸಾರಥಿ’ಯಲ್ಲಿ ಕೂತಿದೆ. ಏಜೆಂಟ್ ದುಡ್ಡು ತಗೊಂಡು ಹೋಗುತ್ತಾನೆ, ಸಹಿ ಮಾತ್ರ ನಿಮ್ಮ ಭಾವನದೇ.

ಭಾವನ ಲೈಸೆನ್ಸ್ ಸಸ್ಪೆಂಡ್ ಅಲ್ಲ, ರದ್ದೇ ಆಗಿದ್ದರೆ ಹಳೆಯದು ಹಾಗೇ ಜೀವ ಪಡೆಯುವುದಿಲ್ಲ. ಒಂದೋ ಮೇಲ್ಮನವಿಯಲ್ಲಿ ಆ ಆದೇಶ ಹೋಗಬೇಕು. ಇಲ್ಲವೇ ಅನರ್ಹತೆ ಪೂರ್ತಿ ಮುಗಿದ ಮೇಲೆ ಹೊಸದಾಗಿ ಎಲ್ಎಲ್, 30 ದಿನ ಕಾಯುವುದು, ಆಮೇಲೆ ಡ್ರೈವಿಂಗ್ ಟೆಸ್ಟ್‌ಗೆ ಟ್ರ್ಯಾಕ್‌ನಲ್ಲಿ ಎಂಟು ಹಾಕುವುದು. ಅನರ್ಹತೆ ತುಂಬಾ ಉದ್ದ ಇದ್ದರೆ ಇನ್ನೊಂದು ಬಾಗಿಲಿದೆ: ಆದೇಶವಾಗಿ 6 ತಿಂಗಳಾದ ಮೇಲೆ, ಅದನ್ನು ಮಾಡಿದ ಕೋರ್ಟ್ ಅಥವಾ ಅಧಿಕಾರಿಯ ಮುಂದೆಯೇ ‘ತೆಗೆದುಹಾಕಿ’ ಅಂತ ಅರ್ಜಿ ಹಾಕಬಹುದು. ಸೆಕ್ಷನ್ 23. ತಿರಸ್ಕಾರವಾದರೆ ಮತ್ತೆ 3 ತಿಂಗಳು ಕಾಯಬೇಕು, ಆದ್ದರಿಂದ ಮೊದಲ ಅರ್ಜಿಯನ್ನು ಗಟ್ಟಿಯಾಗಿ ಬರೆಸಿ.

ಪ್ರಶ್ನೆ, ಪೀಣ್ಯದಿಂದ:

ಟ್ರಾಫಿಕ್ ದಂಡಕ್ಕೆ 50% ರಿಯಾಯಿತಿ ಬಿಟ್ಟಾಗ ನಾನು ಎಲ್ಲಾ ಫೈನ್ ಕಟ್ಟಿದ್ದೆ. ಹಾಗಾದರೆ ನನ್ನ ಹಳೇ ಡ್ರಿಂಕ್ ಅಂಡ್ ಡ್ರೈವ್ ಕೇಸೂ ಮುಗಿದ ಹಾಗೆ ತಾನೆ?

ಉತ್ತರ:

ಇಲ್ಲ. 2023ರ ಫೆಬ್ರವರಿಯಲ್ಲೂ 2025ರಲ್ಲೂ ಬಿಟ್ಟ ರಿಯಾಯಿತಿ ಬಾಕಿ ಇ-ಚಲನ್‌ಗಳಿಗೆ. ಸಿಗ್ನಲ್ ಜಂಪ್, ಹೆಲ್ಮೆಟ್, ನೋ ಪಾರ್ಕಿಂಗ್ ಇಂಥವು. ಕುಡಿದು ಓಡಿಸಿದ್ದು ಕೋರ್ಟಿನಲ್ಲೇ ಇತ್ಯರ್ಥ ಆಗಬೇಕು. ಆ್ಯಪ್‌ನಲ್ಲಿ ‘ಬಾಕಿ ಸೊನ್ನೆ’ ಅಂತ ಬಂದರೆ ಖುಷಿಪಡಿ, ಆದರೆ ಇ-ಕೋರ್ಟ್ಸ್‌ನಲ್ಲಿ ಒಮ್ಮೆ ಹೆಸರು ಹುಡುಕಿ.

ಪ್ರಶ್ನೆ, ಲಗ್ಗೆರೆಯವರೇ ಮತ್ತೆ:

ಮೇಡಂ, ಕೇಸು ಮುಗಿಯುವವರೆಗೆ ಮನೆ ಪಕ್ಕದಲ್ಲಿ ತರಕಾರಿ ತರೋಕೆ ಸ್ಕೂಟರ್ ಓಡಿಸಬಹುದಾ? ಮೇನ್ ರೋಡಿಗೆ ಹೋಗಲ್ಲ.

ಉತ್ತರ:

ಬೇಡ. ಪೊಲೀಸರ ಮಾತು ಬಿಡಿ, ಒಂದು ಮಗು ಅಡ್ಡ ಬಂದರೆ? ಪರಿಹಾರದ ಕೇಸಿನಲ್ಲಿ ವಿಮಾ ಕಂಪನಿ ‘ಚಾಲಕನ ಲೈಸೆನ್ಸ್ ಸಿಂಧು ಇರಲಿಲ್ಲ’ ಅಂತ ನಿಲ್ಲುತ್ತದೆ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ತೋರಿಸಿದ ದಾರಿ ಹೀಗೆ: ಗಾಯಾಳುವಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ವಾಹನದ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ಸ್ಕೂಟರ್ ಯಾರ ಹೆಸರಲ್ಲಿದೆ? ಹೆಂಡತಿ ಹೆಸರಲ್ಲಿದ್ದರೆ ವಸೂಲಿ ಅವರ ತಲೆಗೆ ಬರುತ್ತದೆ. ತರಕಾರಿಗೆ ನಡೆದುಕೊಂಡು ಹೋಗಿ.

ಲಗ್ಗೆರೆಯವರಿಂದ, ಐದು ವಾರದ ನಂತರ:

ಮೇಡಂ, ಹೋಗಿಬಂದೆ. ಕೇಸು ಕೋರ್ಟಿನಲ್ಲಿತ್ತು, ವಾರೆಂಟೂ ಇತ್ತು. ಮೇಯೋ ಹಾಲ್ ಕೋರ್ಟಿನಲ್ಲಿ ಬೆಳಗ್ಗೆ ಹತ್ತೂವರೆಗೆ ನಿಂತವನು ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಬಂದೆ. ಅಪ್ಪನ ಚೀಟಿ ನೋಡಿದರು, ಒಂದೆರಡು ಮಾತು ಬೈದರು, ವಾರೆಂಟ್ ರದ್ದಾಯಿತು. ಕೈಕಾಲು ನಡುಗುತ್ತಿತ್ತು ಅನ್ನೋದು ಬೇರೆ. ಮುಂದಿನ ತಿಂಗಳಿಗೆ ದಿನ ಕೊಟ್ಟಿದ್ದಾರೆ. ಆರ್‌ಟಿಓ ಆದೇಶವೂ ಸಿಕ್ಕಿತು. ಸಸ್ಪೆಂಡ್ ಮೂರೇ ತಿಂಗಳು, ಅದು 2023ರಲ್ಲೇ ಮುಗಿದಿದೆ! ಹಾಗಾದರೆ ಡಿಎಲ್ ಯಾಕೆ ಕೊಡುತ್ತಿಲ್ಲ? ಇನ್ನೊಂದು ವಿಷಯ, ಡಿಎಲ್ ಅವಧಿ ಎರಡು ತಿಂಗಳ ಹಿಂದೆ ತೀರಿಹೋಗಿದೆ.

ಉತ್ತರ:

ಒಳ್ಳೆಯದಾಯಿತು. ಬೈಸಿಕೊಂಡದ್ದು ಅಗ್ಗದಲ್ಲೇ ಮುಗಿಯಿತು ಅಂದುಕೊಳ್ಳಿ.

ಮೂರು ತಿಂಗಳು ಮುಗಿದರೂ ಡಿಎಲ್ ತಾನಾಗಿ ವಾಪಸ್ ಬರುವುದಿಲ್ಲ. ಅದೇ 2019ರ ತಿದ್ದುಪಡಿಯಲ್ಲಿ ಒಂದು ಷರತ್ತಿದೆ: ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದರೆ ಮಾತ್ರ ಡಿಎಲ್ ಹಿಂದಿರುಗಿಸಬೇಕು. ಯಾವ ತರಬೇತಿ ಕೇಂದ್ರದ ಪ್ರಮಾಣಪತ್ರ ನಡೆಯುತ್ತದೆ ಅಂತ ಆರ್‌ಟಿಓದಲ್ಲೇ ಬರಹದಲ್ಲಿ ಕೇಳಿ. ಯಾರೋ ಹೇಳಿದರು ಅಂತ ಕಂಡ ಸ್ಕೂಲಿಗೆ ಫೀಸ್ ಕಟ್ಟಬೇಡಿ.

ಆದರೆ ಓಡಿಹೋಗಿ ಈ ವಾರವೇ ಮಾಡಬೇಡಿ. ಮುಂದಿನ ತಿಂಗಳು ತಪ್ಪೊಪ್ಪಿಕೊಂಡರೆ ಕೋರ್ಟಿನ 6 ತಿಂಗಳು ಶುರುವಾಗುತ್ತದೆ, ಕೈಗೆ ಬಂದ ಡಿಎಲ್ ಮತ್ತೆ ಹೋಗುತ್ತದೆ. ಮೊದಲು ಕೋರ್ಟಿನದು ತೀರ್ಮಾನವಾಗಲಿ. ತೀರ್ಪಿನ ದೃಢೀಕೃತ ನಕಲು, ದಂಡದ ರಸೀದಿ ಎರಡೂ ತಗೊಳ್ಳಿ. ಒಂದು ನಕಲು ಸಾಲದು, ಎರಡು ಮಾಡಿಸಿ. ಆರ್‌ಟಿಓಗೆ ಕೊಟ್ಟದ್ದು ವಾಪಸ್ ಬರುವುದಿಲ್ಲ.

ಅವಧಿ ತೀರಿದ್ದಕ್ಕೆ ಈಗಲೇ ಗಾಬರಿ ಬೇಡ. ತೀರಿದ ದಿನದಿಂದ ಒಂದು ವರ್ಷದೊಳಗೆ ನವೀಕರಣಕ್ಕೆ ಹಾಕಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಿಲ್ಲ, ವರ್ಷ ದಾಟಿದರೆ ಕೊಡಬೇಕು. ಎರಡು ತಿಂಗಳು ಆಗಲೇ ಹೋಗಿದೆ, ಒಂದು ತಿಂಗಳಲ್ಲಿ ಕೋರ್ಟ್, ಆಮೇಲೆ 6 ತಿಂಗಳು. ಒಟ್ಟು ಒಂಬತ್ತು. ಕೈಯಲ್ಲಿ ಮೂರು ತಿಂಗಳು ಉಳಿಯುತ್ತದೆ. ಮುಂದಿನ ತಿಂಗಳು ಕೋರ್ಟಿಗೆ ತಪ್ಪಿಸಿಕೊಂಡರೆ ಆ ಮೂರು ತಿಂಗಳೂ ಉಳಿಯುವುದಿಲ್ಲ. ನೀವು ಕ್ಯಾಬ್‌ನವರು, ನವೀಕರಣಕ್ಕೆ ಡಾಕ್ಟರ್ ಸಹಿಯ ಫಾರಂ 1ಎ ಕೂಡ ಬೇಕು. ಅದನ್ನು ಅರ್ಜಿ ಹಾಕುವ ವಾರದಲ್ಲೇ ಮಾಡಿಸಿ.