ಪದಚರ್ಚೆ: ‘ತಲೆಯಲ್ಲಿ ಗಡ್ಡೆ’ ಎಂದರೆ ಯಾವ ಗಡ್ಡೆ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಕೇಳಬೇಕೆಂದಿರುವ ಪದ ಚಿಕ್ಕದು, ಎಲ್ಲರ ಬಾಯಲ್ಲೂ ಇರುವಂಥದು: ಗಡ್ಡೆ. ಹೋದ ವರ್ಷ ಈ ಒಂದು ಪದದಿಂದಾಗಿ ನಮ್ಮ ಮನೆಯವರು ಒಂದು ಇಡೀ ಹಗಲು ಆಸ್ಪತ್ರೆಯ ಕಾರಿಡಾರಿನಲ್ಲಿ ಕೈಚೆಲ್ಲಿ ಕೂತುಬಿಟ್ಟಿದ್ದರು. ಅಂದಿನಿಂದ ಇದು ನನ್ನ ಮನಸ್ಸಿನಿಂದ ಇಳಿದಿಲ್ಲ.

ನಮ್ಮ ಸೋದರಮಾವನಿಗೆ 74 ವರ್ಷ. ತಿಪಟೂರಿನ ಕಡೆ ತೆಂಗಿನ ತೋಟ. ಮೂರು ವರ್ಷದಿಂದ ಪ್ರಾಸ್ಟೇಟ್ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿತ್ತು. ನಡುವೆ ಒಂದು ಕಾಲು ಊದಿಕೊಂಡಿತು. ‘ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದೆ’ ಎಂದು ‘ರಕ್ತ ತೆಳು ಮಾಡುವ’ ಮಾತ್ರೆ ಕೊಟ್ಟರು. ಅದಾಗಿ ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ಮುದ್ದೆ ಮುರಿಯಲು ಬಲಗೈ ಏಳಲಿಲ್ಲ. ಮಾತು ತಡವರಿಸಿತು. ಸಿ.ಟಿ. ಸ್ಕ್ಯಾನ್ ಆಯಿತು. ಒಬ್ಬ ಕಿರಿಯ ವೈದ್ಯರು ಅವಸರದಲ್ಲಿ ಬಂದು, “ತಲೇಲಿ ರಕ್ತದ ಗಡ್ಡೆ ಇದೆ, ಆಪರೇಷನ್ ಮಾಡಿ ತೆಗೀಬೇಕು” ಎಂದು ಹೇಳಿ ಹೋದರು. ಅತ್ತೆಯ ಕಿವಿಗೆ ಬಿದ್ದದ್ದು ಎರಡೇ ಪದ: ತಲೆ, ಗಡ್ಡೆ. “ತಲೆಗೂ ಬಂತಲ್ಲಪ್ಪ. ಇನ್ನು ಕೊಯ್ಯೋದು ಬೇಡ, ಊರಿಗೆ ಕರ್ಕೊಂಡು ಹೋಗೋಣ” ಎಂದರು. ಸಹಿ ಹಾಕಲು ಯಾರೂ ಮುಂದಾಗಲಿಲ್ಲ. ಸಂಜೆ ಹಿರಿಯ ಶಸ್ತ್ರವೈದ್ಯರೊಬ್ಬರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ ಮೇಲಷ್ಟೇ ಗೊತ್ತಾಯಿತು: ಅದು ಕ್ಯಾನ್ಸರಿನ ಗಡ್ಡೆಯಲ್ಲ. ಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೇರಿಕೊಂಡು ಮಿದುಳನ್ನು ಒತ್ತುತ್ತಿದೆ, ತೆಗೆದರೆ ಮನುಷ್ಯ ಎದ್ದು ನಡೆಯಬಲ್ಲ.

ಒಬ್ಬನೇ ಮನುಷ್ಯನ ಮೈಯಲ್ಲಿ ಮೂರು ‘ಗಡ್ಡೆ’. ಪ್ರಾಸ್ಟೇಟಿನದು ಟ್ಯೂಮರ್, ಕಾಲಿನದು ರಕ್ತನಾಳದೊಳಗಿನ ಹೆಪ್ಪು, ತಲೆಯದು ರಕ್ತನಾಳದಿಂದ ಹೊರಬಿದ್ದ ರಕ್ತ. ಮೂರಕ್ಕೂ ನಮ್ಮ ಆಸ್ಪತ್ರೆಯ ಕನ್ನಡದಲ್ಲಿ ಒಂದೇ ಹೆಸರು.

ಪದದ ತಪ್ಪೇನೂ ಇಲ್ಲ. ಆಲೂಗಡ್ಡೆ, ಮಂಜುಗಡ್ಡೆ, ನಡುಗಡ್ಡೆ, ಗಡ್ಡೆ ಮೊಸರು, ಹೀಗೆ ಒಂದೆಡೆ ಗಟ್ಟಿಯಾಗಿ ಕೂಡಿದ್ದೆಲ್ಲ ನಮಗೆ ಗಡ್ಡೆ. ಮೊಸರೂ ಗಡ್ಡೆಯಾಗುತ್ತದೆ, ಗೆಣಸೂ ಗಡ್ಡೆಯೇ. ಆದರೆ ಮನೆಯಲ್ಲಿ ಒಮ್ಮೆ ಕ್ಯಾನ್ಸರ್ ಕಾಲಿಟ್ಟಿತೆಂದರೆ ಆ ಪದ ಬೇರೆಯೇ ಆಗಿಬಿಡುತ್ತದೆ. ಆಮೇಲೆ ಆ ಮನೆಯವರಿಗೆ ಗಡ್ಡೆ ಎಂದರೆ ಒಂದೇ ಅರ್ಥ.

ಗೊಂದಲವನ್ನು ಇನ್ನಷ್ಟು ಬಿಗಿ ಮಾಡುವ ಸಂಗತಿ ಒಂದಿದೆ. ಕ್ಯಾನ್ಸರ್ ರೋಗಿಯ ತಲೆಯಲ್ಲಿ ಕ್ಯಾನ್ಸರಿನ ಗಡ್ಡೆ, ಹೊರಬಿದ್ದ ರಕ್ತ, ಈ ಎರಡೂ ಬರಬಹುದು, ಒಂದರಿಂದ ಇನ್ನೊಂದೂ ಬರಬಹುದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಆ ಗಡ್ಡೆಯೊಳಗೇ ರಕ್ತ ಒಡೆಯಬಹುದು. ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳು ಮಿದುಳಿನ ಹೊರಪೊರೆಗೇ ಹರಡಿ ಕೂತು, ಸ್ಕ್ಯಾನಿನಲ್ಲಿ ಬರೀ ರಕ್ತದಂತೆ ಕಾಣುವುದೂ ಉಂಟು. ಅದಕ್ಕಾಗಿಯೇ ಮಾವನ ಆಪರೇಷನ್ನಿನಲ್ಲಿ ಪೊರೆಯ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ‘ಪೊರೆಯಲ್ಲಿ ಕ್ಯಾನ್ಸರ್ ಇಲ್ಲ’ ಎಂದು ವರದಿ ಬರುವವರೆಗೆ ಅತ್ತೆ ಸರಿಯಾಗಿ ಉಂಡಿರಲಿಲ್ಲ. ಇನ್ನು ಲ್ಯೂಕೀಮಿಯದಂಥ ರಕ್ತದ ಕ್ಯಾನ್ಸರುಗಳಲ್ಲಿ ತಲೆಯಲ್ಲಿ ಯಾವ ಗಡ್ಡೆಯೂ ಇಲ್ಲದೆ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕುಸಿದದ್ದರಿಂದಲೇ ರಕ್ತ ಒಸರಬಹುದು. ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಎಣಿಕೆ 10,000ಕ್ಕಿಂತ ಕೆಳಗಿಳಿದರೆ, ರಕ್ತಸ್ರಾವ ಆಗದಿದ್ದರೂ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸುವುದು ವಾಡಿಕೆ.

ಪ್ಲೇಟ್‌ಲೆಟ್ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಡೆಂಗಿ ಬಂದಾಗಲೆಲ್ಲ ನಮ್ಮಲ್ಲಿ ‘ಬಿಳಿ ರಕ್ತಕಣ ಕಡಿಮೆಯಾಗಿದೆ’ ಎನ್ನುವ ರೂಢಿ ಬಿದ್ದಿದೆ. ಡೆಂಗಿಯಲ್ಲಿ ಬಿಳಿಯ ಕಣಗಳೂ ಇಳಿಯುವುದುಂಟು, ಆದರೆ ಹಾಗೆನ್ನುವವರು ಹೇಳಹೊರಟಿರುವುದು ಪ್ಲೇಟ್‌ಲೆಟ್, ಪಠ್ಯಪುಸ್ತಕದ ಕಿರುತಟ್ಟೆ. ಡೆಂಗಿಯಲ್ಲಿ ಈ ಅದಲುಬದಲಿಂದ ದೊಡ್ಡ ಅನಾಹುತವೇನೂ ಆಗಲಿಕ್ಕಿಲ್ಲ. ಆದರೆ ಲ್ಯೂಕೀಮಿಯದಲ್ಲಿ ಬಿಳಿಯ ಕಣಗಳು ಎಷ್ಟೋ ಸಲ ವಿಪರೀತ ಏರಿರುತ್ತವೆ, ಕಿರುತಟ್ಟೆಗಳು ಇಳಿದಿರುತ್ತವೆ. ಅಲ್ಲಿ ಆ ತಪ್ಪು ಪದ ಇಡೀ ವಿಷಯವನ್ನೇ ತಲೆಕೆಳಗು ಮಾಡುತ್ತದೆ.

‘ರಕ್ತ ತೆಳು ಮಾಡುವ ಮಾತ್ರೆ’ ಎಂಬುದೂ ನನಗೆ ಸರಿ ಕಾಣುವುದಿಲ್ಲ. ಮಜ್ಜಿಗೆಗೆ ನೀರು ಬೆರೆಸಿದಂತೆ ಆ ಮಾತ್ರೆ ರಕ್ತವನ್ನು ತೆಳುವಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅಷ್ಟೆ. ‘ಹೆಪ್ಪುತಡೆ ಮಾತ್ರೆ’ ಎಂದಿದ್ದರೆ ಮಾವನಿಗೆ ಅದರ ಇನ್ನೊಂದು ಮುಖವೂ ಹೊಳೆಯುತ್ತಿತ್ತು: ಹೆಪ್ಪು ಕಟ್ಟದಿದ್ದರೆ ಗಾಯವೂ ಬೇಗ ಕಟ್ಟುವುದಿಲ್ಲ. ಆಪರೇಷನ್ನಿಗೆ ಐದಾರು ವಾರ ಮುಂಚೆ ಕೊಟ್ಟಿಗೆಯ ಬಾಗಿಲಿನ ಮೇಲುಪಟ್ಟಿಗೆ ಅವರ ಹಣೆ ಬಡಿದಿತ್ತು. ಊದಿಕೊಳ್ಳಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ.

ಕ್ಯಾನ್ಸರಿಗೂ ಹೆಪ್ಪಿಗೂ ಇರುವ ನಂಟು ಹಳೆಯದು. ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೋ 1865ರಲ್ಲೇ ಅದನ್ನು ವಿವರಿಸಿದ್ದರು. ಮುಂದೆ ತಮ್ಮದೇ ಮೈಯಲ್ಲಿ ಅಂಥ ಹೆಪ್ಪು ಕಾಣಿಸಿಕೊಂಡಾಗ ಒಳಗೆ ಕ್ಯಾನ್ಸರ್ ಇದೆಯೆಂದು ತಾವೇ ಗುರುತಿಸಿಕೊಂಡರು. 1867ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕ್ಯಾನ್ಸರ್ ಒಂದೆಡೆ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಅದಕ್ಕೆ ಕೊಟ್ಟ ಮದ್ದು ಇನ್ನೊಂದೆಡೆ ರಕ್ತ ನಿಲ್ಲದಂತೆ ಮಾಡುತ್ತದೆ. ಕಾಲಿನಲ್ಲಿ ಹೆಪ್ಪು, ತಲೆಯಲ್ಲಿ ಒಸರು. ಎರಡನ್ನೂ ‘ಗಡ್ಡೆ’ ಎಂದರೆ ಒಂದಕ್ಕೆ ಕೊಟ್ಟ ಮಾತ್ರೆಯನ್ನು ಇನ್ನೊಂದಕ್ಕೆ ಯಾಕೆ ನಿಲ್ಲಿಸಿದರು ಎಂದು ಮನೆಯವರಿಗೆ ಹೇಗೆ ತಿಳಿಯಬೇಕು?

ಈಗ ಜಾಗದ ಮಾತು. ಪತ್ರಿಕೆಗಳಲ್ಲಿ ಎಲ್ಲವೂ ‘ಮಿದುಳಿನ ರಕ್ತಸ್ರಾವ’. ಮಿದುಳಿನ ಒಳಗೋ, ಸುತ್ತಲೋ ಎಂಬುದು ತಿಳಿಯುವುದೇ ಇಲ್ಲ. ಮಿದುಳನ್ನು ಮೂರು ಪೊರೆಗಳು ಸುತ್ತಿವೆ: ಹೊರಗಿನದು ದಪ್ಪನೆಯ ಡ್ಯೂರಾ, ನಡುವಿನದು ಜೇಡರ ಬಲೆಯಂಥ ಅರಕ್ನಾಯ್ಡ್, ಮಿದುಳಿಗೆ ಅಂಟಿಕೊಂಡ ತೆಳ್ಳನೆಯ ಪಯಾ. ಮಾವನ ರಕ್ತ ಸೇರಿದ್ದು ಡ್ಯೂರಾದ ಒಳಮೈಯಲ್ಲಿ, ಅಂದರೆ ಸಬ್‌ಡ್ಯೂರಲ್. ಇದನ್ನು ಕೆಲವರು ‘ಪೊರೆಯ ಕೆಳಗೆ’ ಎಂದು ಅನುವಾದಿಸುತ್ತಾರೆ. ಹೊರಗಿನಿಂದ ಬುರುಡೆ ಕೊರೆಯುತ್ತ ಹೋಗುವ ಶಸ್ತ್ರವೈದ್ಯರಿಗೆ ಅದು ಕೆಳಗೆ, ಸರಿ. ಆದರೆ ಎದುರು ಕೂತ ಅತ್ತೆಗೆ ‘ಕೆಳಗೆ’ ಎಂದರೆ ಕತ್ತಿನ ಕಡೆ. ನನ್ನ ಮಟ್ಟಿಗೆ ‘ಹೊರಪೊರೆಯ ಒಳಗಡೆ’ ಎಂಬುದೇ ಲೇಸು.

ಡ್ಯೂರಾ ಮೇಟರ್ ಎಂಬ ಹೆಸರಿನ ಕಥೆ ನಿಮಗೆ ಇಷ್ಟವಾಗಬಹುದು. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಗಟ್ಟಿ ತಾಯಿ’. ಅರಬ್ಬಿ ವೈದ್ಯರು ಈ ಪೊರೆಗಳನ್ನು ‘ಉಮ್ಮ್’, ಅಂದರೆ ತಾಯಿ ಎಂದು ಕರೆಯುತ್ತಿದ್ದರು. 12ನೇ ಶತಮಾನದಲ್ಲಿ ಅಂಟಿಯೋಕಿನ ಸ್ಟೀಫನ್ ಅರಬ್ಬಿಯ ವೈದ್ಯಗ್ರಂಥವೊಂದನ್ನು ಲ್ಯಾಟಿನ್ನಿಗೆ ತಂದಾಗ ತಾಯಿ ತಾಯಿಯಾಗಿಯೇ ಉಳಿದಳು. ಹಿಂದಿಯ ಪಠ್ಯಗಳು ‘ದೃಢತಾನಿಕಾ’, ‘ಜಾಲತಾನಿಕಾ’, ‘ಮೃದುತಾನಿಕಾ’ ಎಂದು ಮಾಡಿಕೊಂಡವು. ಅಲ್ಲಿ ತಾಯಿ ಕಳೆದುಹೋದಳು. ಕನ್ನಡದಲ್ಲಿ? ನಾವು ‘ಪೊರೆ’ ಎನ್ನುತ್ತೇವೆ. ಹಾವು ಬಿಡುವುದು ಪೊರೆ, ಕಣ್ಣಿಗೆ ಬರುವುದು ಪೊರೆ. ಸಾಕಿ ಸಲಹುವುದಕ್ಕೂ ನಮ್ಮಲ್ಲಿ ಪೊರೆಯುವುದು ಎಂದೇ ಹೆಸರು. ಹಾಗಾಗಿ ‘ಮಿದುಳ್ಪೊರೆ’ ಎಂದಾಗ ಯಾರೂ ಬಯಸದೆಯೇ ಆ ಅರಬ್ಬಿ ತಾಯಿ ಕನ್ನಡಕ್ಕೆ ಬಂದು ಕೂತಿದ್ದಾಳೆ. ಈ ಎರಡು ‘ಪೊರೆ’ಗಳ ಬೇರು ಒಂದೆಯೋ ಬೇರೆಯೋ, ಹಳಗನ್ನಡ ಬಲ್ಲವರು ತಿಳಿಸಿದರೆ ಉಪಕಾರ.

ನಮ್ಮ ಕಡೆಯವರಿಗೆ ಈ ಕಾಯಿಲೆಯನ್ನು ತಿಳಿಸಲು ಕೊಬ್ಬರಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಸೊರಗಿ, ಕರಟ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ವಯಸ್ಸಾದಂತೆ ಮಿದುಳೂ ಸ್ವಲ್ಪ ಸೊರಗುತ್ತದೆ. ಬುರುಡೆಗೂ ಅದಕ್ಕೂ ನಡುವೆ ಸಂದು ಹೆಚ್ಚುತ್ತದೆ. ಆ ಸಂದನ್ನು ದಾಟಿ ಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದಂತೆ ಬಿಗಿಯುತ್ತವೆ. ಒಂದು ಸಣ್ಣ ಪೆಟ್ಟಿಗೆ ಹರಿಯುತ್ತವೆ. ಮಾವನಿಗೆ ಹೀಗೆ ಹೇಳಿದಾಗ ತಲೆಯ ಪಟ್ಟಿ ಮುಟ್ಟಿಕೊಂಡು, “ಹಂಗಾದ್ರೆ ನಂದು ಉಂಡೆ ಕೊಬ್ಬರಿ ಆಗೈತೆ” ಎಂದರು. ಅವರಿಗೆ ಬಿಡಿಸಿ ಹೇಳಬೇಕಾದದ್ದು ಆಮೇಲೆ ಏನೂ ಉಳಿಯಲಿಲ್ಲ.

‘ರಕ್ತಸ್ರಾವ’ ಎಂಬುದು ಇಂಥಲ್ಲಿ ಒಗ್ಗದ ಪದ. ಸ್ರಾವ ಎಂದರೆ ಹೊರಗೆ ಹರಿಯುವುದು ಎಂದೇ ಕಿವಿಗೆ ಕೇಳುತ್ತದೆ. ಹಳ್ಳಿಯ ಹೆಂಗಸರಿಗೆ ಅದು ಮುಟ್ಟಿನ, ಹೆರಿಗೆಯ ಪದ. ವಾರಗಟ್ಟಲೆ ಹನಿಹನಿಯಾಗಿ ಒಳಗೇ ಸೇರುವುದಕ್ಕೆ ‘ಒಸರು’ ಎಂಬ ಅಚ್ಚ ಪದ ಇದೆಯಲ್ಲ? ‘ನೆತ್ತರೊಸರು’ ಎಂದು ಕೂಡಿಸಿದರೆ ಹೇಗೆ?

ಸೇರಿದ ರಕ್ತಕ್ಕೆ ‘ಹೆಪ್ಪು’ ಎನ್ನೋಣವೆಂದು ನಾನು ಮೊದಲು ಅಂದುಕೊಂಡಿದ್ದೆ. ಹಾಲಿಗೆ ಹೆಪ್ಪು ಹಾಕುವ ಎಲ್ಲರಿಗೂ ಅದು ಗೊತ್ತು, ಕ್ಯಾನ್ಸರಿನ ನೆರಳೂ ಅದಕ್ಕಿಲ್ಲ. ಕಾಲಿನದಕ್ಕೆ ಅದೇ ಸರಿಯಾದ ಪದ. ಆದರೆ ಆಪರೇಷನ್ ಆದ ಮರುದಿನ ಮಾವನ ತಲೆಯಿಂದ ನಳಿಗೆಯಲ್ಲಿ ಇಳಿದು ಚೀಲ ಸೇರುತ್ತಿದ್ದದ್ದನ್ನು ಕಣ್ಣಾರೆ ನೋಡಿದೆ. ಎರಡನೆಯ ಸಲ ಇಳಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣ, ಅಷ್ಟೇ ನೀರು. ಒಂದು ತುಣುಕೂ ಗಟ್ಟಿ ಇರಲಿಲ್ಲ. ಕೆಲವು ವಾರ ಕಳೆದರೆ ಒಳಗಿನ ಹೆಪ್ಪು ಮತ್ತೆ ಕರಗಿ ನೀರಾಗುತ್ತದಂತೆ. ಅಂದರೆ ಇಡೀ ಹಗಲು ನಮ್ಮನ್ನು ನಡುಗಿಸಿದ ‘ಗಡ್ಡೆ’ ಯಾವ ಅರ್ಥದಲ್ಲೂ ಗಡ್ಡೆಯಾಗಿರಲೇ ಇಲ್ಲ.

ಅದಕ್ಕೆ ನನಗೆ ಹೊಂದುತ್ತದೆ ಎನಿಸುವುದು ‘ಮಡುಗಟ್ಟು’. ಹೊಳೆಯ ನೀರು ಒಂದೆಡೆ ಆಳವಾಗಿ ನಿಂತರೆ ಮಡು. ‘ಹೊರಪೊರೆಯ ಒಳಗಡೆ ನೆತ್ತರು ಮಡುಗಟ್ಟಿದೆ’ ಎಂದರೆ ಜಾಗವೂ ತಿಳಿಯಿತು, ರೂಪವೂ ತಿಳಿಯಿತು. ‘ರಕ್ತದ ಮಡುವಿನಲ್ಲಿ ಬಿದ್ದಿದ್ದ’ ಎಂಬ ಅಪರಾಧ ಸುದ್ದಿಯ ವಾಸನೆ ಅದಕ್ಕೆ ಅಂಟಿದೆ ಎಂಬುದು ಗೊತ್ತಿದೆ. ಆದರೂ ನಾಮಪದವಾದ ಮಡುವಿಗಿಂತ ಕ್ರಿಯಾಪದವಾದ ಮಡುಗಟ್ಟುವುದರಲ್ಲಿ ಆ ವಾಸನೆ ಕಡಿಮೆ.

ಟ್ಯೂಮರಿಗೆ ಪದ ಹುಡುಕುವುದು ಇನ್ನೂ ಕಷ್ಟ. ಮರಾಠಿಯ ಕರ್ಕರೋಗದಲ್ಲಿ ಗ್ರೀಕರ ಏಡಿ ಇದೆ, ತಮಿಳಿನ ಪುಟ್ರುನೋಯಲ್ಲಿ ನಮ್ಮ ಹುತ್ತವೇ ಇದೆ. ನಮ್ಮ ‘ಅರ್ಬುದ’ ಸುಶ್ರುತ ಸಂಹಿತೆಯಷ್ಟು ಹಳೆಯದು. ಒಂದು ಅರ್ಬುದದ ಮೇಲೆ ಹುಟ್ಟುವ ಇನ್ನೊಂದಕ್ಕೆ ಅಲ್ಲಿ ‘ಅಧ್ಯರ್ಬುದ’ ಎಂಬ ಹೆಸರೂ ಇದೆ. ಆದರೆ ಕಾರಿಡಾರಿನಲ್ಲಿ ನಿಂತವರಿಗೆ ಇವು ದಕ್ಕುವುದಿಲ್ಲ. ಕ್ಯಾನ್ಸರ್ ಎಂಬುದೇ ಕನ್ನಡವಾಗಿದೆ, ಇರಲಿ. ‘ಕ್ಯಾನ್ಸರ್ ಗಡ್ಡೆ’ ಎಂದು ಪೂರ್ತಿ ಹೇಳಲಿ. ರಕ್ತದ ಪಕ್ಕದಲ್ಲಿ ಮಾತ್ರ ಗಡ್ಡೆ ಬೇಡ. ನನ್ನ ಬೇಡಿಕೆ ಇಷ್ಟೇ.

ಬಳಗದಲ್ಲಿ ದಾದಿಯರು, ವೈದ್ಯರು, ಅನುವಾದಕರು ಇದ್ದೀರಿ. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಇದನ್ನು ರೋಗಿಯ ಮನೆಯವರಿಗೆ ಹೇಗೆ ಹೇಳುತ್ತೀರಿ? ಎದೆಯ ಗಡ್ಡೆಗೆ ಹೇಳುವ ಹಾಗೆ ತಲೆಯದಕ್ಕೂ ‘ಗಂಟು’ ಎನ್ನುವುದುಂಟೆ?

ಇನ್ನೊಂದು ಪದ ಅತ್ತೆಯದು. ಮಾವ ಈಗ ಊರುಗೋಲಿಲ್ಲದೆ ತೋಟಕ್ಕೆ ಹೋಗಿಬರುತ್ತಾರೆ. ಬಂದವರು ಕೇಳಿದರೆ ಅತ್ತೆ ಆಪರೇಷನ್ ಎನ್ನುವುದಿಲ್ಲ. “ತಲೇಲಿ ರಕ್ತ ನಿಂತಿತ್ತು, ಬಸಿದ್ರು” ಎನ್ನುತ್ತಾರೆ, ಅನ್ನದ ಗಂಜಿ ಬಸಿದಂತೆ. ವರದಿಗಳ ಕನ್ನಡದಲ್ಲಿ ಈ ‘ಬಸಿ’ಯನ್ನು ಹಾಗೆಯೇ ಬಳಸಬಹುದೇ?