ಅಪ್‌ಡೇಟ್: ಪವರ್ ಸಪ್ಲೈ ಈಗ ಕಂಪ್ಯೂಟರ್ ಮಾತು ಕೇಳುತ್ತಿದೆ

ಲ್ಯಾಬ್‌ನ ಹಳೆಯ ಪವರ್ ಸಪ್ಲೈ ಆರ್‌ಎಸ್-232 (ಕಂಪ್ಯೂಟರ್‌ಗೆ ಜೋಡಿಸುವ ಹಳೆಯ ಬಗೆಯ ಸೀರಿಯಲ್ ಪೋರ್ಟ್) ಮೂಲಕ ಹೆಸರು ಕೇಳಿದರೆ ಹೇಳುತ್ತದೆ, ವೋಲ್ಟೇಜ್ ಮಾತ್ರ ಬದಲಿಸುವುದಿಲ್ಲ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಕೇಬಲ್ ಬದಲಿಸುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಉತ್ತರ ಬರುತ್ತಿದೆ ಅಂದಮೇಲೆ ಕೇಬಲ್ ಚೆನ್ನಾಗೇ ಇತ್ತು ಅಲ್ವಾ? ಬಾಡ್ ರೇಟ್ (ಡೇಟಾ ಕಳಿಸುವ ವೇಗ) 9600ಕ್ಕೆ ಇಳಿಸಿದರೂ ಅದೇ ಕಥೆ.

ಗೆದ್ದಿದ್ದು 'ಮೊದಲು ಸಿಸ್ಟಮ್ ರಿಮೋಟ್ ಕಮ್ಯಾಂಡ್ ಕಳಿಸಿ' ಅಂದವರ ಮಾತು. ಅಂದರೆ 'ಇನ್ನು ಕಂಪ್ಯೂಟರ್ ಹೇಳಿದಂತೆ ನಡೆ' (ರಿಮೋಟ್) ಅನ್ನುವ ಆದೇಶ. ಪೋರ್ಟ್ ತೆರೆದ ಕೂಡಲೇ ಅದನ್ನು ಕಳಿಸಿದೆ. ಆಮೇಲೆ 5 ವೋಲ್ಟ್ ಅಂದರೆ 5 ವೋಲ್ಟ್! ಲ್ಯಾಬ್ ಉಪಕರಣಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಇನ್ನೊಂದು ಬಗೆಯಾದ ಜಿಪಿಐಬಿಯಲ್ಲಿ ರಿಮೋಟ್‌ಗೆ ಹೋಗಲು ಪ್ರತ್ಯೇಕ ತಂತಿಯೇ ಇದೆಯಂತೆ. ಆರ್‌ಎಸ್-232ರಲ್ಲಿ ಅದಿಲ್ಲ, ಅದಕ್ಕೇ ಈ ಕಮ್ಯಾಂಡ್. ಇದು ನನಗೆ ಹೊಸದು.

ಇನ್ನೊಂದು ವಿಷಯ. ಸಪ್ಲೈ ಸುಮ್ನೆ ಕೂತಂತೆ ಕಂಡರೂ ಒಳಗೆ ಎರರ್‌ಗಳನ್ನು ಬರೆದಿಟ್ಟಿರುತ್ತದೆ. ಸಿಸ್ಟಮ್ ಎರರ್ ಕಮ್ಯಾಂಡ್ ಕಳಿಸಿದರೆ ಒಂದೊಂದಾಗಿ ಹೇಳುತ್ತದೆ.