ಲೋಡಿಂಗ್ ಟೈಮ್ ಡ್ಯೂಟಿಗೆ ಸೇರುತ್ತಾ? ಲಾರಿ ಡ್ರೈವರ್ ಕೆಲಸದ ಗಂಟೆ, ರೆಸ್ಟ್ ಲೆಕ್ಕ

ಪ್ರಶ್ನೆ: ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಅಡಿಕೆ ಲೋಡ್ ಸಾರ್. ಮೂಟೆ ಹತ್ತಿಸಿ ಹಗ್ಗ ಬಿಗಿಯೋಕೇ ಎರಡು ಗಂಟೆ. ಓನರ್ ಅದನ್ನ ಡ್ಯೂಟಿ ಅನ್ನಲ್ಲ. "ಇ-ವೇ ಬಿಲ್ (ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ಚೀಟಿ) ಅವಧಿ ಮುಗಿಯುತ್ತೆ, ರಾತ್ರಿನೇ ಮುಟ್ಟಿಸು" ಅಂತಾರೆ. ರೂಲ್ಸ್ ಏನು?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರರು): ಲೋಡಿಂಗ್ ಖಂಡಿತ ಡ್ಯೂಟಿನೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಲೆಕ್ಕದಲ್ಲಿ ಲೋಡಿಂಗ್, ಗಾಡಿ ರಿಪೇರಿ, ರಿಜಿಸ್ಟರ್ ಬರೆಯೋದು ಎಲ್ಲ ಕೆಲಸದ ಹೊತ್ತೇ. ತೊಡಕಿರೋದು ಕೈಕಟ್ಟಿ ಕಾಯೋದರಲ್ಲಿ: ಟರ್ಮಿನಲ್‌ನಲ್ಲಿ 15 ನಿಮಿಷದೊಳಗಿನ ಕಾಯುವಿಕೆ ಮಾತ್ರ ಸೇರುತ್ತೆ.

ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟಿಗೆ ಅಧಿಕಾರಿಯ ಒಪ್ಪಿಗೆ ಇದ್ದರೆ 10 ಮತ್ತು 54. ಒಂದೇ ಸಮ 5 ಗಂಟೆ ಆಗೋದರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು. ಹತ್ತು ಹತ್ತು ನಿಮಿಷದ ಮೂರು ಟೀ ಕೂಡಿಸಿ ಅರ್ಧ ಗಂಟೆ ಅನ್ನೋಹಾಗಿಲ್ಲ. ಡ್ಯೂಟಿ ಇಳಿದ ಮೇಲೆ ಮರುದಿನ ಹತ್ತೋದರೊಳಗೆ ಸತತ 9 ಗಂಟೆ ವಿಶ್ರಾಂತಿ.

ನಿಮ್ಮ ಟ್ರಿಪ್ಪಿಗೇ ಹಾಕಿ ನೋಡಿ. ಮಧ್ಯಾಹ್ನ 1ಕ್ಕೆ ಲೋಡಿಂಗ್ ಶುರು, 3ಕ್ಕೆ ಹೊರಟಿರಿ. 6 ಗಂಟೆಗೆ, ಹೆಚ್ಚುಕಮ್ಮಿ ತರೀಕೆರೆ ಹತ್ತಿರ, ಗಾಡಿ ನಿಲ್ಲಲೇಬೇಕು. 6:30ಕ್ಕೆ ಹೊರಟರೆ 9:30ಕ್ಕೆ 8 ಗಂಟೆ ಭರ್ತಿ. ಅರಸೀಕೆರೆ, ತಿಪಟೂರು ಕಡೆ ಮಲಗಬೇಕು. ಬೆಳಿಗ್ಗೆ 6:30ಕ್ಕೆ ಮುಂಚೆ ಸ್ಟೇರಿಂಗ್ ಮುಟ್ಟೋಹಾಗಿಲ್ಲ.

ಇ-ವೇ ಬಿಲ್ ಬರೀ ನೆಪ. 200 ಕಿ.ಮೀ.ಗೆ ಒಂದು ದಿನ, ಅದರ ಮೇಲೆ ಸ್ವಲ್ಪ ಇದ್ದರೂ ಇನ್ನೊಂದು ದಿನ. ನಿಮ್ಮದು 300 ದಾಟುತ್ತೆ, ಹಾಗಾಗಿ 2 ದಿನ ಸಿಗುತ್ತೆ. ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ 8 ಗಂಟೆ ನಂತರದವರೆಗೆ ವಿಸ್ತರಿಸಲೂಬಹುದು.

ಪ್ರಶ್ನೆ: ಓನರ್ ಹತ್ರ ಇರೋದೇ ಎರಡು ಲಾರಿ. ಐದು ಜನ ಕೆಲಸದವರಿಲ್ಲದಿದ್ರೆ ಕಾಯ್ದೆ ಇಲ್ಲ ಅಂತಾರೆ.

ಉತ್ತರ: 1961ರ ಕಾಯ್ದೆಯಲ್ಲಿ 5 ಜನರ ಮಿತಿ ಇದ್ದದ್ದು ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಸಾರಿಗೆ ವಾಹನ ಓಡಿಸೋ ಯಾರಿಗೇ ಆಗಲಿ ಇದೇ ಗಂಟೆಗಳನ್ನ ಹೇಳುತ್ತೆ. 1961ರ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಅದರಲ್ಲೂ ದಿನಕ್ಕೆ 8 ಗಂಟೆ, ಓವರ್‌ಟೈಮ್‌ಗೆ ದುಪ್ಪಟ್ಟು ಸಂಬಳ. ಟ್ರಿಪ್ ಶೀಟಲ್ಲಿ ಹೊರಟ ಹೊತ್ತಷ್ಟೇ ಅಲ್ಲ, ಲೋಡಿಂಗ್ ಶುರುವಾದ ಹೊತ್ತೂ ಬರೀರಿ. ಫಾಸ್ಟ್ಯಾಗ್ ಮೆಸೇಜ್ ಅಳಿಸಬೇಡಿ. ಕಾರ್ಮಿಕ ಇಲಾಖೆಗೆ ಹೋದಾಗ ಅದೇ ಸಾಕ್ಷಿ.

ಪ್ರಶ್ನೆ: ಬೆಂಗಳೂರು ಬಿಟ್ಟು ಕುಂದಾಪುರದ ಕಡೆ ಹೋಗುವಾಗ ಹುಲಿಕಲ್ ಘಾಟಿಲಿ ಗುಡ್ಡ ಜರಿದು ಸಿಕ್ಕಿಹಾಕಿಕೊಂಡರೆ? ಮಧ್ಯದಲ್ಲೇ 8 ಗಂಟೆ ಮುಗಿಯುತ್ತಲ್ಲ.

ಉತ್ತರ: ರಸ್ತೆ ಬಂದ್, ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ, ಮುಂದೆ ಓಡಿಸಬಹುದು. ಹೆಚ್ಚಾದ ಗಂಟೆಗೆ ದುಪ್ಪಟ್ಟು ಕೇಳೋದು ಮರೀಬೇಡಿ.

ಮತ್ತೊಬ್ಬರ ಉತ್ತರ (ಹೆವಿ ಡ್ರೈವಿಂಗ್ ತರಬೇತುದಾರರು): ಅರ್ಧ ಗಂಟೆ ಬಿಡುವನ್ನ ಮಾಸ್ತಿಕಟ್ಟೆಲೇ ಮುಗಿಸಿ ಮಾರಾಯ್ರೆ, ಘಾಟಿ ಇಳಿಯೋ ಮುಂಚೆ. ನಿದ್ದೆಗಣ್ಣಲ್ಲಿ ಇಳಿಯೋನು ಗೇರ್ ಬದಲು ಬ್ರೇಕ್ ಮೇಲೇ ಕಾಲಿಡ್ತಾನೆ. ಲೈನಿಂಗ್ ಕಾದು ಸುಟ್ಟ ವಾಸನೆ ಬರೋ ಹೊತ್ತಿಗೆ ಬ್ರೇಕ್ ಅರ್ಧ ಹೋಗಿರುತ್ತೆ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ವೇಗ ಕಮ್ಮಿ ಮಾಡೋ ಬ್ರೇಕ್) ಆನ್. ನಡುವೆ ನಿಲ್ಲಿಸಲೇಬೇಕಾದರೆ ತಿರುವಲ್ಲಿ ಬೇಡ. ನೇರ ಜಾಗ ನೋಡಿ ನಿಲ್ಲಿಸಿ, ಇಳಿಜಾರಿನ ಕಡೆಯಿಂದ ಟಯರಿಗೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನ ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ಮಂಜಲ್ಲಿ ಹಿಂದೆ ಬರೋ ಬೈಕಿನವನಿಗೆ ಕಾಣಲ್ಲ.